ಕುಂಕುಮ ಮೇಲಾದ ಬಾವುಟ

ಬಕೆಟ್ಟಿನಲ್ಲಿ ನೆನೆಹಾಕಿದ ಹೊಸ ಕೆಂಪು ಬಟ್ಟೆ ಬಣ್ಣ ಬಿಡುತ್ತಿದೆ. ಗಂಜಿ ಮತ್ತು ಅಗ್ಗದ ಬಣ್ಣದ ವಾಸನೆ ಬಚ್ಚಲು ದಾಟಿ ಅಡುಗೆಮನೆಗೂ ಬಂದಿದೆ. ನಾಳೆ ರಾಜ್ಯೋತ್ಸವ. ಮಧುಗಿರಿಯ ನಮ್ಮ ಬೀದಿಯಲ್ಲಿ ಬಾವುಟ ಹೊಲಿಯುವ ಕೆಲಸ ನನ್ನದು, ಹಾರಿಸುವುದು ಮನೆಯಿಂದ ಮನೆಗೆ ಪಾಳಿ. ಈ ವರ್ಷದ ಪಾಳಿ ಎದುರುಮನೆಯ ನೂರ್‌ಜಹಾನಳದು. ಶಿರಾ ಕಡೆಯವಳು, ಅಂಗನವಾಡಿ ಟೀಚರು, ಮನೆಯಲ್ಲಿ ಉರ್ದು. ನಿನ್ನೆ ಸಂಜೆ ಬೀದಿಯವರೆಲ್ಲ ಸೇರಿದ್ದಾಗ ಮೂಲೆಮನೆಯ ಯಜಮಾನರು, "ಈ ಸಲ ಮನೇಲೂ ಕನ್ನಡ ಮಾತಾಡೋರು ಹಾರಿಸಿದ್ರೆ ಚೆಂದ" ಎಂದರು. "ಬೆಳಿಗ್ಗೆ ಹೇಳ್ತೀನಿ" ಎಂದು ನಾನು ಎದ್ದು ಬಂದೆ. ನನಗೆ ಸಿಟ್ಟು ಬಂದರೆ ತಕ್ಷಣ ಮಾತು ಹೊರಡುವುದಿಲ್ಲ, ಬಟ್ಟೆ ಒಗೆಯುತ್ತೇನೆ.

ಈ ವಾಸನೆಗೆ ನೆನಪಾದವಳು ಲಕ್ಷ್ಮಮ್ಮ. ನಾನು ಬೆಳೆದ ವೈ.ಎನ್.ಹೊಸಕೋಟೆಯಲ್ಲಿ ನಮ್ಮ ಪಕ್ಕದ ಮನೆಯವಳು, ನಿಮಗೂ ಅವಳ ಪರಿಚಯವಾಗಬೇಕು. ಊರಿನ ಅರ್ಧ ರವಿಕೆಗಳು ಅವಳ ಮೆಷಿನ್ನಿನಿಂದಲೇ ಬಂದವು. ನನಗೆ ಹೊಲಿಗೆ ಕಲಿಸಿದವಳೂ ಅವಳೇ. ನಾನು ಹೊಲಿದ ಮೊದಲ ರವಿಕೆಯನ್ನು ಅವಳು ದಿಂಬಿಗೆ ತೊಡಿಸಿ ನೋಡಿದಳು. ದಿಂಬಿಗೂ ಅದು ಬಿಗಿಯಾಯಿತು. ಅವಳಿಗೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಜಗಳ ಎರಡರಲ್ಲೂ. ಆಂಧ್ರದ ಗಡಿ ಹತ್ತಿರದಲ್ಲೇ ಇರುವ ನಮ್ಮೂರಿನಲ್ಲಿ ಅದನ್ನು ಯಾರೂ ವಿಶೇಷವೆಂದು ಎಣಿಸುತ್ತಿರಲಿಲ್ಲ.

ಒಂದು ನವೆಂಬರಿನಲ್ಲಿ ಊರ ಯುವಕರು ಬಸ್ ನಿಲ್ದಾಣದ ಎದುರು ಕಂಬ ನೆಟ್ಟರು. "ಅರಿಶಿನ, ಕುಂಕುಮ ಎಲ್ಡೂ ಬರಂಗೆ ಹೊಲ್ಕೊಡಕ್ಕಾ" ಎಂದು ಬಟ್ಟೆ ಕೊಟ್ಟು ಹೋದರು. ಈ ಬಾವುಟ ಅರವತ್ತರ ದಶಕದ ಕನ್ನಡ ಚಳವಳಿಯಲ್ಲಿ ಹುಟ್ಟಿದ್ದು. ಕಾನೂನಿನ ಮುದ್ರೆ ಬೀಳುವುದಕ್ಕೆ ಕಾಯದೆ ಆಟೋ, ಅಂಗಡಿ, ಶಾಲೆಗಳ ಮೇಲೆಲ್ಲ ತಾನೇ ಹತ್ತಿ ಕುಳಿತಿತು. ಹಳದಿ ಶಾಂತಿಗೆ, ಕೆಂಪು ಕ್ರಾಂತಿಗೆ ಎಂದು ಭಾಷಣದವರು ಹೇಳುತ್ತಾರೆ. ನಮ್ಮ ಹೆಂಗಸರಿಗೆ ಅದು ಅರಿಶಿನ ಕುಂಕುಮ. ದಿನಾ ಬೆಳಿಗ್ಗೆ ಹೊಸ್ತಿಲಿಗೆ ಅರಿಶಿನ ಬಳಿದು, ಅದರ ಮೇಲೆ ಕುಂಕುಮ ಇಟ್ಟು ಅಭ್ಯಾಸವಾದ ಲಕ್ಷ್ಮಮ್ಮ ಬಾವುಟವನ್ನೂ ಹಾಗೇ ಹೊಲಿದಳು. ಕೆಳಗೆ ಅರಿಶಿನ, ಮೇಲೆ ಕುಂಕುಮ, ಹಗ್ಗಕ್ಕೆ ಕಟ್ಟುವ ಕುಣಿಕೆಯೂ ಕುಂಕುಮದ ತುದಿಗೇ.

ಬಾವುಟ ಮೇಲೇರಿ ಬಿಚ್ಚಿಕೊಂಡಾಗ ಜನ ನಕ್ಕರು. ನಾನೂ ನಕ್ಕೆ. ತನ್ನ ತಪ್ಪು ಗೊತ್ತಾಗಿ ಲಕ್ಷ್ಮಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ಆಗ ಬಾವುಟ ಹಾರಿಸಲು ಬಂದಿದ್ದ ಅತಿಥಿ ಮೈಕಿನಲ್ಲೇ, "ತೆಲುಗರ ಕೈಗೆ ಕೊಟ್ರೆ ಇನ್ನೇನಾಗುತ್ತೆ" ಎಂದುಬಿಟ್ಟರು. ಅವಳ ನಗು ಅಲ್ಲೇ ನಿಂತಿತು.

ಅವಳು ನೇರ ಕಂಬದ ಹತ್ತಿರ ಹೋಗಿ ಬಾವುಟ ಇಳಿಸಿದಳು. "ಏಮಯ್ಯಾ" ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದಳು. "ತಪ್ಪು ನಂದೇ. ಹೊಸ್ತಿಲಿಗಿಡಂಗೆ ಹೊಲ್ದುಬುಟ್ಟೆ. ನೀನು ನಕ್ಕು ಸುಮ್ಕಾಗಿದ್ರೆ ನಾನೂ ಸುಮ್ಕಿರ್ತಿದ್ದೆ. ತೆಲುಗೋಳು ಅಂದ್ಯಲ್ಲ, ಅದುಕ್ಕೆ ಈಗ ನಾನೇ ಏರ್ಸಾದು. ಇದು ನಮ್ಮೂರ ಕಂಬ."

ಅರಿಶಿನ ಮೇಲೆ ಬರುವಂತೆ ತಿರುಗಿಸಿ ಕಟ್ಟಿ ಹಗ್ಗ ಎಳೆದಳು. ಅತಿಥಿ ಕೊರಳಿನ ಹಾರದ ಸಮೇತ ಪಕ್ಕಕ್ಕೆ ಸರಿದು ನಿಂತರು. ಬಾವುಟ ತುದಿ ಮುಟ್ಟುವವರೆಗೂ ಅವಳು ತೆಲುಗಿನಲ್ಲಿ ಏನೋ ಗೊಣಗುತ್ತಲೇ ಇದ್ದಳು. ಮಂತ್ರವಂತೂ ಆಗಿರಲಿಲ್ಲ. ಆ ದಿನ ಅವಳನ್ನು ಕಂಡು ನನಗೆ ಆದ ಹೆಮ್ಮೆ ಇನ್ನೂ ಹಾಗೇ ಇದೆ.

ಆಮೇಲೆ ಪ್ರತಿ ವರ್ಷ ಅವಳೇ ಏರಿಸಿದಳು. ಎಷ್ಟೋ ವರ್ಷದ ಮೇಲೆ, ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡ ಇರುವ ಹೊಸ ಬಾವುಟವನ್ನು ಸರ್ಕಾರ ಮುಂದಿಟ್ಟಿತು. ದೆಹಲಿಯ ಒಪ್ಪಿಗೆ ಸಿಗದೆ ಅದು ಹಾಗೇ ಉಳಿಯಿತು. ಆಗ ಮಧುಗಿರಿಯಿಂದ ಫೋನಿನಲ್ಲಿ ಲಕ್ಷ್ಮಮ್ಮನನ್ನು ಕೆಣಕಿದ್ದೆ. "ಬಿಳೀದು ಬೇಕಾದ್ರೆ ಅವ್ರೇ ಹೊಲ್ಕಳ್ಲಿ ಬುಡು. ನನ್ ಮೆಷಿನ್ಗೆ ಎಲ್ಡೇ ಬಣ್ಣ ಕಣಮ್ಮ" ಎಂದಿದ್ದಳು. ಈಗ ಅವಳಿಲ್ಲ.

ಬಟ್ಟೆ ಹಿಂಡಿ ಹರವಿ, ಒದ್ದೆ ಕೈಯಲ್ಲೇ ಮೂಲೆಮನೆಗೆ ಹೋದೆ. "ಪಾಳಿ ಅಂದ್ರೆ ಪಾಳಿ ಸಾರ್. ನೂರ್‌ಜಹಾನೇ ಹಾರಿಸ್ತಾಳೆ. ಬೇಡ ಅಂದ್ರೆ ಈ ವರ್ಷ ಬಾವುಟ ನೀವೇ ಹೊಲ್ಕೊಳಿ" ಎಂದೆ. ಅವರು ಪೇಪರ್ ಮಡಚಿದರು, ಮತ್ತೆ ಬಿಚ್ಚಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಎದುರುಮನೆಯ ಗೇಟು ತಟ್ಟಿದೆ.

ನಿನ್ನೆಯ ಮಾತು ನೂರ್‌ಜಹಾನಳ ಕಿವಿಗೂ ಬಿದ್ದಿತ್ತು. "ಬಿಡಿ ಅಕ್ಕಾ, ಬೇರೆ ಯಾರಾದ್ರೂ ಹಾರಿಸ್ಲಿ. ನಂಗೇನೂ ಬೇಜಾರಿಲ್ಲ" ಎಂದಳು, ಮುಖ ತಿರುಗಿಸಿಕೊಂಡು.

"ನಂಗೆ ಬೇಜಾರಿದೆ" ಎಂದೆ.

ಅವಳು ಗೇಟಿನ ಚಿಲಕ ತೆಗೆದಳು. "ಎಷ್ಟೊತ್ತಿಗೆ?"

"ಎಂಟಕ್ಕೆ."

"ಏಳೂವರೆಗೇ ಬರ್ತೀನಿ" ಎಂದಳು. "ಗಂಟು ನಾನೇ ಹಾಕ್ಬೇಕು. ಬೇರೆ ಯಾರೂ ಹಗ್ಗ ಮುಟ್ಟೋದು ಬೇಡ."