ಯಾರದೂ ಅಲ್ಲದ ಇಳಿಜಾರು

ಪುಟ್ಟಲಿಂಗಯ್ಯನನ್ನು ತೂಕಕ್ಕೆ ಹಾಕಿದರೆ ಕಂಬಳಿ ಸಮೇತ ಐವತ್ತು ಕೆಜಿ, ಕಂಬಳಿ ಬಿಟ್ಟರೆ ನಲವತ್ತೇಳು. ಮೀಸೆಗೆ ಬೆಲೆ ಕಟ್ಟಬಹುದು, ಚಪ್ಪಲಿಗೆ ಆಗದು. ಅದರಲ್ಲಿ ಚರ್ಮ ಎಷ್ಟು, ಟೈರು ಎಷ್ಟು ಎಂಬುದು ಅವನಿಗೇ ಮರೆತಿದೆ. ಅರವತ್ತು ಕುರಿಗಳ ಒಡೆಯ. ಆದರೆ ಬೆಲೆಬಾಳುವ ಸರಕು ಇದ್ದದ್ದು ತಲೆಯೊಳಗೆ. ಕನಕಪುರದಿಂದ ಕೆಳಗೆ ಅರ್ಕಾವತಿ ಬಂಡೆಗಳ ನಡುವೆ ನುಗ್ಗುವ ಎರಡು ಮೈಲಿಯಲ್ಲಿ, ಕಾಲು ಜಾರದೆ ನೀರಿಗೆ ಇಳಿದು ಹತ್ತಬಹುದಾದ ಜಾಗ ಎರಡೇ ಎರಡು. ಎರಡನ್ನೂ ಸವೆಸಿ ದಾರಿ ಮಾಡಿದ್ದು ಅವನ ಕುರಿಗಳ ಗೊರಸು.

ಅಂಥ ಸರಕನ್ನು ಅವನು ಪುಕ್ಕಟೆ ಕೊಟ್ಟ.

ಕೇಳಲು ಬಂದವನು ಅಕ್ಕನ ಮಗ ಬೀರೇಶ್. ನೊರೆನೀರಿನಲ್ಲಿ ದೋಣಿ ಆಡಿಸುವ ಕಂಪನಿಯೊಂದರ ಸೂಪರ್‌ವೈಸರ್. "ಮಾವ, ದೋಣಿ ಇಳ್ಸಕ್ಕೆ ಒಂದು ಪಾಯಿಂಟ್ ತೋರ್ಸು."

"ಪಾಯಿಂಟ್ ಅಂದ್ರೆ ಏನ್ಲಾ? ಕುರಿ ಇಳಿಯೋ ಕಡೆ ಅನ್ನು."

ನೀರಿನ ದಾರಿ ಕೇಳಿದವರಿಗೆ ಇಲ್ಲ ಎನ್ನುವ ರೂಢಿ ಅವನ ಮನೆತನದಲ್ಲಿಲ್ಲ. ಎರಡರಲ್ಲಿ ಮೇಲಿನ ಇಳಿಜಾರಿಗೆ ಕರೆದೊಯ್ದ. ಜೊತೆಗೆ ಬಂದಿದ್ದ ಮ್ಯಾನೇಜರ್ ಅನಂತರಾಜು, "ಈ ಜಾಗ ಯಾರದು?" ಎಂದ.

"ಯಾರ್ದೂ ಅಲ್ಲ ಸಾಮಿ."

ಎಲ್ಲರದೂ ಎನ್ನಲು ಕುರಿಯವರು ಹೇಳುವುದೇ ಹಾಗೆ. ಅನಂತರಾಜು ಬರೆದುಕೊಂಡದ್ದು ಬೇರೆ: ಇಲ್ಲಿ ಯಾರಿಗೂ ಹಕ್ಕಿಲ್ಲ, ಯಾರೂ ಬಳಸುತ್ತಿಲ್ಲ. ಬೀರೇಶ್ ಅದನ್ನು ಓದಿಕೊಂಡ. ಅವನಿಗೆ ಮಾವನ ಮಾತಿನ ಅರ್ಥ ಗೊತ್ತಿತ್ತು. ಆದರೂ, "ಜಾಗ ತೋರ್ಸಿದ್ಕೆ ಸಾಕ್ಷಿ ಅಷ್ಟೇ ಮಾವ" ಎಂದು ಹೆಬ್ಬೆಟ್ಟು ಹಾಕಿಸಿದ.

ಹದಿನೈದು ದಿನಕ್ಕೆ ಅಲ್ಲಿ ಕಂಪನಿಯ ಕಬ್ಬಿಣದ ಗೇಟು ಎದ್ದಿತು. ಕುರಿಗಳು ಅದಕ್ಕೆ ಮೂತಿ ಒತ್ತಿ ನಿಂತವು. "ಕೆಳಗೆ ಇನ್ನೊಂದು ಕಡೆ ಎಲ್ಲೋ ಐತಂತಲ್ಲ, ಅಲ್ಲಿಗೆ ಹೊಡ್ಕೊಂಡೋಗು ಮಾವ" ಎಂದ ಬೀರೇಶ್, ಮುಖ ನೋಡದೆ.

ಹೊಡೆದುಕೊಂಡು ಹೋದ. ಮಳೆ ಹಿಡಿದು ಹೊಳೆ ಏರಿದ ದಿನ ಅದೇ ಬೀರೇಶ್ ಏದುಸಿರಲ್ಲಿ ಮನೆಗೆ ಬಂದ. "ನಾಕು ದೋಣಿ ಹೊಂಟ್ಬುಟ್ಟವೆ ಮಾವ. ಕೆಳಗಿನ ಇಳಿಜಾರು ಎಲ್ಲೈತೆ? ಅಲ್ಲಿ ದಡ ಸೇರ್ಲಿಲ್ಲ ಅಂದ್ರೆ ಮುಂದೆ ಬರೀ ಬಂಡೆ!"

ಪುಟ್ಟಲಿಂಗಯ್ಯನ ಹೆಂಡತಿ ಬೀರಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಮ್ ಕುರಿ ಬಾಯಾರಿ ನಿಂತಾಗ ಹಿಂಗೇ ಓಡ್ ಬಂದಿದ್ಯೇನಪ್ಪ?"

ಪುಟ್ಟಲಿಂಗಯ್ಯ ಆಗಲೇ ಅಂಗಳ ದಾಟಿದ್ದ. ಎರಡು ಬಂಡೆಗಳ ಮರೆಯಲ್ಲಿದ್ದ ಆ ಇಳಿಜಾರಿನ ಮೇಲೆ ನಿಂತು, ಒದ್ದೆ ಕಂಬಳಿಯನ್ನು ತಲೆಯ ಮೇಲೆ ತಿರುಗಿಸುತ್ತ ಕೂಗಿದ. ನಾಲ್ಕೂ ದೋಣಿ ಅತ್ತ ತಿರುಗಿ ದಡ ಸೇರಿದವು. ಬೀರೇಶ್ ಮಾವನ ಕಾಲು ಹಿಡಿದುಕೊಂಡು ಅತ್ತ.

ಮುಂದಿನ ವಾರ ಅಲ್ಲೂ ಗೇಟು ಬಂತು.

ವ್ಯಾಪಾರಿ ಯಾವನೂ ಒಬ್ಬನೇ ಗಿರಾಕಿಯಿಂದ ಎರಡು ಸಲ ಟೋಪಿ ಹಾಕಿಸಿಕೊಳ್ಳುವುದಿಲ್ಲ. ಹಾಗೆಂದು ಯಾರೋ ಹಂಗಿಸಿದಾಗ ಪುಟ್ಟಲಿಂಗಯ್ಯ ಹೇಳಿದ್ದು ಇಷ್ಟು: "ದೋಣೀಲಿ ಇದ್ದೋರು ಕಾಗ್ದ ಬರ್ದಿರ್ಲಿಲ್ವಲ್ಲ." ಬೀರೇಶನ ಹೆಸರು ಮಾತ್ರ ಅವನ ಬಾಯಲ್ಲಿ ಮತ್ತೆ ಬಂದಿಲ್ಲ. ನೀರಿಲ್ಲದೆ ನಲವತ್ತು ಕುರಿ ಮಾರಿದ. ಉಳಿದ ಇಪ್ಪತ್ತು ಊರ ತೊಟ್ಟಿಯಲ್ಲಿ, ದನಗಳು ಕುಡಿದು ಮುಗಿಸಿದ ಮೇಲೆ ಕುಡಿಯುತ್ತವೆ.

ಎರಡು ಗೇಟಿಗೂ ಸರಪಳಿ, ಬೀಗ ಹೋದದ್ದು ಈ ಕಥೆ ಬರೆದವನ ಅಂಗಡಿಯಿಂದ. ಎರಡನೆಯ ಸರಪಳಿ ಎಲ್ಲಿಗೆ ಎಂದು ಗೊತ್ತಿದ್ದೂ ಅಳೆದು ಕೊಟ್ಟದ್ದಾಯಿತು. ಅದನ್ನು ಪುಟ್ಟಲಿಂಗಯ್ಯನ ಎದುರು ನಿಂತು ಒಪ್ಪಿಕೊಂಡು, ತಪ್ಪಾಯಿತು ಎನ್ನುವುದು ಬಾಕಿ ಇದೆ.