ಕಾಚಿನ ಮೇಲಿನ ಹಳದಿ ಪಟ್ಟಿ

ಮೊನ್ನೆ ಅಥಣಿಯ ಗ್ಯಾರೇಜಿನಲ್ಲಿ ನಮ್ಮ ಹಳೆಯ ಜೀಪಿಗೆ ಮುಂದಿನ ಕಾಚು, ಅಂದರೆ ಗಾಜು, ಹೊಸದಾಗಿ ಕೂಡಿಸಿದರು. ಒಡೆದ ಕಾಚನ್ನು ಗೋಡೆಗೆ ಆನಿಸಿಟ್ಟ ಮಿಸ್ತ್ರಿ, ಅದರ ನೆತ್ತಿಗಿದ್ದ ಹಳದಿ ಪಟ್ಟಿ ತೋರಿಸಿ, "ಇಂಥಾದ ಇನ್ನೊಂದ ಹಚ್ಚಬೇಕೇನ್ರಿ?" ಎಂದ. ಬಿಸಿಲಿಗೆ ಮಾಸಿದ್ದರೂ ಕೆಂಪು ಅಕ್ಷರಗಳನ್ನು ಓದಬಹುದಿತ್ತು: ಇದು ಕಿತ್ತೂರು ಕರ್ನಾಟಕ. ನಾನು ನಗತೊಡಗಿದೆ. ಯಾಕೆಂದು ನಿಮಗಾದರೂ ಹೇಳಬೇಕು, ಕೂತುಕೊಳ್ಳಿ.

ಕಾಗದಪತ್ರಗಳಲ್ಲಿನ ಮುಂಬೈ ಕರ್ನಾಟಕ ಹೋಗಿ ಕಿತ್ತೂರು ಕರ್ನಾಟಕ ಬಂದ ಹೊಸತರಲ್ಲಿ, ಉಗಾರ ಖುರ್ದದ ನಮ್ಮ ಕಾಕಾ ಈ ಪಟ್ಟಿಯನ್ನು ಜೀಪಿಗೆ ಅಂಟಿಸಿ, ಊರೆಲ್ಲ ಒಂದು ಸುತ್ತು ತೋರಿಸಿ ಬಂದ. ನಮ್ಮಜ್ಜಿಗೆ ಹಳೆಯ ಹೆಸರೂ ಗೊತ್ತಿಲ್ಲ, ಹೊಸದೂ ಗೊತ್ತಿಲ್ಲ. ಆಕೆಯ ಪಾಲಿಗೆ ನಾವಿದ್ದದ್ದು ಹೊಳಿದಂಡಿ. ನಾನು ಮಾತು ಕಲಿತದ್ದು ಆಕೆಯ ಬಾಯಿಂದ. ಹಾಗಾಗಿ ಭೂಗೋಳ ನನಗೆ ಇವತ್ತಿಗೂ ಅಷ್ಟಕ್ಕಷ್ಟೇ.

ತೊಡಕಾದದ್ದು ಕಾಗವಾಡದಾಚೆ, ಗಡಿ ದಾಟಿದಲ್ಲಿ. ಅಲ್ಲಿನ ಮರಾಠಿ ಹಳ್ಳಿಗೆ ನಮ್ಮ ಅತ್ತಿಯನ್ನು, ಅಂದರೆ ಕಾಕಾನ ಅಕ್ಕನನ್ನು, ಕೊಟ್ಟಿದ್ದರು. ಅತ್ತಿಯ ಗಂಡನಿಗೆ ನಮ್ಮ ಊರುಗಳೆಲ್ಲ ಸೀಮಾಭಾಗ, ಮಹಾರಾಷ್ಟ್ರಕ್ಕೆ ಸೇರಬೇಕಾದವು. ತನ್ನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹಾಗೆಂದು ಮರಾಠಿಯಲ್ಲಿ ಬರೆಸಿದ್ದ. ಕಾಕಾನ ಹಳದಿ ಪಟ್ಟಿಯ ಗಾಡಿ ತನ್ನ ಅಂಗಳಕ್ಕೆ ಬರಬಾರದೆಂದು ಮಾವ ಹೇಳಿ ಕಳಿಸಿದ. ಕೀಳುವುದಿಲ್ಲವೆಂದು ಕಾಕಾ. ನಾಗರ ಪಂಚಮಿಗೆ ತಮ್ಮ ಬಂದು ಕರೆಯದೆ ಅಕ್ಕ ತವರಿಗೆ ಕಾಲಿಡುವ ರೂಢಿ ನಮ್ಮಲ್ಲಿಲ್ಲ. ಎರಡು ಪಂಚಮಿ ಹಾಗೇ ಹೋದವು. ಅತ್ತಿಯ ಪಾಲಿನ ಉಂಡಿಗಳನ್ನು ಅಜ್ಜಿ ಡಬ್ಬಿಯಲ್ಲಿ ಕಾದಿಟ್ಟು, ಅವು ಕಲ್ಲಾದ ಮೇಲೆ ಆಕಳಿಗೆ ಹಾಕಿದಳು. ಮೂರನೆಯ ವರ್ಷ ಉಂಡಿಗೆಂದು ಒಲೆಯನ್ನೇ ಹೊತ್ತಿಸಲಿಲ್ಲ. "ಆಕಿ ಬಂದ್ರ ಉಂಡಿ ಕಟ್ತೀನಿ," ಎಂದಳು, ಅಷ್ಟೇ.

ಆಗ ಕಾಕಾ ಒಂದು ಉಪಾಯ ಹೂಡಿದ. ಅಕ್ಕನ ಓಣಿಗೆ ಜೀಪನ್ನು ಹಿಂದುಹಿಂದಾಗಿ ಒಯ್ಯುವುದು. ಗಾಡಿಯ ಬೆನ್ನು ಅಂಗಳಕ್ಕೆ, ಮುಖ ಓಣಿಗೆ. ಪಟ್ಟಿ ಕಿತ್ತಂತೆಯೂ ಅಲ್ಲ, ದಾಜಿಗೆ ಕಂಡಂತೆಯೂ ಅಲ್ಲ. ಅಕ್ಕನ ಗಂಡನನ್ನು ನಮ್ಮ ಕಡೆ ದಾಜಿ ಎನ್ನುತ್ತಾರೆ. ಹಿಂದೆ ನಿಂತು ದಾರಿ ತೋರಿಸುವ ಹೊಣೆ ನನ್ನದು. "ಬರ್ಲಿ, ಬರ್ಲಿ" ಎನ್ನುತ್ತಿದ್ದವನು, ಕಟ್ಟೆಯ ಮೇಲೆ ಅತ್ತಿ ಕಂಡಳೆಂದು ಅತ್ತ ನೋಡುತ್ತ ನಿಂತುಬಿಟ್ಟೆ. ತಿರುಗುವಷ್ಟರಲ್ಲಿ ಹಿಂದಿನ ಗಾಲಿಗಳೆರಡೂ ಮಾವನ ತಿಪ್ಪೆಯಲ್ಲಿ ಇಳಿದಿದ್ದವು.

ಶ್ರಾವಣದ ತಿಪ್ಪೆ ಹಿಡಿದದ್ದನ್ನು ಬಿಡುವುದಿಲ್ಲ. ಕೊನೆಗೆ ಮಾವನೇ ಟ್ರ್ಯಾಕ್ಟರು ತಂದು, ಜೀಪಿನ ಮುಂದೆಯೇ ನಿಲ್ಲಿಸಿ, ಮುಂದೆಯೇ ಹಗ್ಗ ಕಟ್ಟಬೇಕಾಯಿತು. ಅವನ ಬರಹ, ಇವನ ಬರಹ ಎದುರುಬದುರಾದವು. ಮಾವ ತಲೆಯೆತ್ತಿ ಸಾವಕಾಶ ಓದಿದ.

"ಹಿಂದುಹಿಂದ ಬಂದ್ರ ಊರಿನ ಹೆಸರ ಬದಲಾಗತೈತೇನೋ?"

"ನಿಮಗ ಕಾಣಬಾರದಂತ ಹಂಗ ಬಂದೇನ್ರಿ ದಾಜಿ," ಎಂದ ಕಾಕಾ. ಹಠದವನ ದನಿ ಅಷ್ಟು ತೆಳ್ಳಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಕ್ಕಗ ನಾ ಕಂಡ್ರ ಸಾಕು."

ಯಾರೂ ಏನೂ ಹೇಳುವ ಮೊದಲೇ ಅತ್ತಿ ಕೈಚೀಲ ಹಿಡಿದು ಬಂದಳು. ಸೀರೆ ಎತ್ತಿ ತಿಪ್ಪೆ ತುಳಿದು ಮುಂದಿನ ಸೀಟಿನಲ್ಲಿ ಕೂತಳು.

"ನೀವಿಬ್ಬರೂ ಹೊರಗ ನಿಂತು ಓದ್ಕೋತ ಇರ್ರಿ," ಎಂದಳು. "ಒಳಗ ಕುಂತ್ರ ಒಂದ ಅಕ್ಷರ ಕಾಣಂಗಿಲ್ಲ. ಕಣ್ಣಿಗಿ ಬಿಸಲ ಬಡ್ಯೂದಿಲ್ಲ, ಅಷ್ಟ. ನನಗ ತವರಮನಿ ದಾರಿ ಕಾಣಾಕತ್ತೈತಿ."

ಮಾವ ಜೀಪಿನೊಳಗೆ ತಲೆ ತೂರಿಸಿ ಮೇಲೆ ನೋಡಿದ. ಒಳಗಿನಿಂದ ಅದು ಬರೀ ಬಿಳಿ ಪಟ್ಟಿ. ಅವನು ಮರಳಿ ಟ್ರ್ಯಾಕ್ಟರು ಹತ್ತಿ ಒಂದೇ ಜಗ್ಗಿಗೆ ನಮ್ಮನ್ನು ತಿಪ್ಪೆಯಿಂದ ಎಳೆದ. ಹಗ್ಗ ಬಿಚ್ಚುತ್ತ, ಹೆಣ್ಣು ಕಳಿಸುವವರೆಲ್ಲ ಕೇಳುವುದನ್ನೇ ಕೇಳಿದ: "ಹೊಳ್ಳಿ ಎಂದ ಕಳಸ್ತಿ?"

"ಉಂಡಿ ಮುಗದ ಮ್ಯಾಲ," ಎಂದ ಕಾಕಾ.

ಹಿಂದೆ ಗೊಬ್ಬರ, ಮುಂದೆ ಕಿತ್ತೂರು ಕರ್ನಾಟಕ, ನಡುವೆ ನಗುತ್ತ ಕೂತ ಅತ್ತಿ. ಕಾಗವಾಡದುದ್ದಕ್ಕೂ ಕಾಕಾ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಆ ಸಲ ಅಜ್ಜಿ ಕಟ್ಟಿದ ಉಂಡಿಗಳು ಬೇಗ ಮುಗಿಯುವಂಥವಾಗಿರಲಿಲ್ಲ.

ಈ ವರ್ಷ ಕಾಕಾನಿಗೆ ಮೊಣಕಾಲು ನೋವು. ಪಂಚಮಿಗೆ ಅತ್ತಿಯನ್ನು ಕರೆಯಲು ಹೋಗುವವನು ನಾನು. ಗ್ಯಾರೇಜಿನಲ್ಲಿ ಹೀಗೆ ನಗುತ್ತ ನಿಂತಿದ್ದಾಗಲೇ ಮಾವನ ಫೋನು ಬಂತು. ಕಾಚು ಒಡೆದ ಸುದ್ದಿ ಅವನಿಗೆ ಮುಟ್ಟಿತ್ತು.

"ಹೊಸಾ ಕಾಚಿಗಿ ಪಟ್ಟಿ ಹಚ್ಚೇ ತಗೊಂಬಾ," ಎಂದ. "ನಿಮ್ಮ ಅತ್ತಿಗಿ ಬಿಸಲ ತಡ್ಯಂಗಿಲ್ಲ."

ಹಚ್ಚು ಎಂದೆ ಮಿಸ್ತ್ರಿಗೆ. ಅಕ್ಷರ ನೆಟ್ಟಗೆ ಕೂತವೇ ಎಂದು ಅವನು ಹೊರಗಿನಿಂದ ನೋಡಿದ. ನಾನು ಒಳಗೆ ಅತ್ತಿಯ ಸೀಟಿನಲ್ಲಿ ಕೂತು, ನೆರಳು ಸರಿಯಾಗಿ ಕಣ್ಣಿನ ಮೇಲೆ ಬೀಳುತ್ತದೆಯೇ ಎಂದು ನೋಡಿದೆ.