ಗಾಜಿನ ಮೇಲೆ ತಂಗಿ, ಟವೆಲ್ ಮಡಿಕೆಯಲ್ಲಿ ಅಕ್ಕ

ಬೆಳಗಿನ ಐದೂವರೆ. ಯೋಗಶಾಲೆಯ ಮುಂಬಾಗಿಲ ಗಾಜನ್ನು, ಇಲ್ಲಿ ಎಲ್ಲರೂ ‘ಟವೆಲ್ ಅಕ್ಕ’ ಎಂದು ಕರೆಯುವ ಅಕ್ಕ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಗಾಜಿನ ಮೇಲೆ ಅವರ ಸ್ವಂತ ತಂಗಿಯ, ಅಂದರೆ ಇಲ್ಲಿನ ಎಲ್ಲರ ‘ಮೇಡಂ’ ಅವರ, ಆಳೆತ್ತರದ ಚಿತ್ರ. ಕೆಳಗೆ ದಪ್ಪ ಅಕ್ಷರ: ‘ಬಿಗಿದ ಭುಜಗಳಿಗೆ ಮೇಡಂ ರೂಪಿಸಿದ ಯಿನ್ ಯೋಗ’. ‘ರೂಪಿಸಿದ’ ಎಂಬಲ್ಲಿಗೆ ಬಂದಾಗ ಬಟ್ಟೆ ಸ್ವಲ್ಪ ಜೋರಾಗಿಯೇ ಓಡುತ್ತದೆ.

“ಅಳಿಸಿ ಹೋಗುತ್ತೇನೋ ಅಂತ ನೋಡ್ತೀನಿ,” ಅಕ್ಕ ನಗುತ್ತಾರೆ. “ಹೋಗಲ್ಲ. ಒಳಗಡೆಯಿಂದ ಅಂಟಿಸಿದ್ದಾರೆ.”

ರೂಪಿಸಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಅಕ್ಕ ಹತ್ತೊಂಬತ್ತು ವರ್ಷ ಲಾಂಡ್ರಿಯಲ್ಲಿ ನಿಂತು ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕಿದವರು. ಆ ದುಡಿಮೆಯ ದುಡ್ಡಿನಲ್ಲೇ ತಂಗಿ ಯೋಗ ಕಲಿತದ್ದು. ಕೊನೆಗೊಂದು ದಿನ ಅಕ್ಕನ ಎಡಭುಜ ಮರಗಟ್ಟಿತು. ಕೈ ತಲೆಗೂದಲವರೆಗೂ ಏಳದು. ಆರು ತಿಂಗಳು ಜಡೆ ಹಾಕಿದವಳು ತಂಗಿಯೇ. ಅದನ್ನೂ ಅಕ್ಕ ಮುಚ್ಚಿಡುವುದಿಲ್ಲ.

ಯಿನ್ ಯೋಗದಲ್ಲಿ ಬೆವರು ಹರಿಸುವುದಿಲ್ಲ. ಒಂದೇ ಭಂಗಿಯಲ್ಲಿ ನಾಲ್ಕೈದು ನಿಮಿಷ ಮೈ ಸಡಿಲಬಿಟ್ಟು ಇರಬೇಕು. ಅಂಗಾತ ಮಲಗಿ, ತೊಟ್ಟಿಲ ಕೂಸಿನ ಹಾಗೆ ಎರಡೂ ಕೈ ತಲೆಯ ಪಕ್ಕಕ್ಕೆ ಚೆಲ್ಲುವ ಭಂಗಿ ತಂಗಿಗೆ ಸಲೀಸು. ಅಕ್ಕನ ಕೈ ಮಾತ್ರ ನೆಲ ಮುಟ್ಟದೆ ಗಾಳಿಯಲ್ಲೇ ನಿಂತಿತು. ತೂಗಾಡುವ ಕೈಗೆ ಸಡಿಲವೆಲ್ಲಿಯದು? ಅಕ್ಕ ಲಾಂಡ್ರಿಯ ಹಳೇ ಟವೆಲ್‌ಗಳನ್ನು ಮಡಿಚಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಟ್ಟಿದರು. ಏಳು ಮಡಿಕೆಗೆ ಕೈ ಭಾರ ಬಿಟ್ಟಿತು.

“ಕೈ ನೆಲಕ್ಕೆ ಹೋಗೋದು ಬೇಡ. ನೆಲಾನೇ ಕೈ ಹತ್ರ ತರೋಣ, ಅಷ್ಟೇ ನಾನು ಮಾಡಿದ್ದು.”

ಈಗ ತಂಗಿಯ ಯೋಗಶಾಲೆಯಲ್ಲಿ ಇದಕ್ಕೇ ದಿನಕ್ಕೆ ಮೂರು ತರಗತಿ, ಮೂವತ್ತೆಂಟು ಭುಜ, ನೂರಿಪ್ಪತ್ತು ಟವೆಲ್. ಯಾರಿಗೆ ಎಷ್ಟು ಮಡಿಕೆ ಎಂಬುದು ಅಕ್ಕನ ತಲೆಯಲ್ಲಿದೆ. ಹೊಸ ಜೋಡಣೆಯನ್ನು ಮೊದಲು ತಮ್ಮ ಕೆಟ್ಟ ಭುಜದ ಮೇಲೇ ಪರೀಕ್ಷಿಸುತ್ತಾರೆ. ಮಂದವಾಗಿ ಎಳೆದರೆ ಸರಿ, ಬೆರಳು ಜುಮ್ಮೆಂದರೆ ತಪ್ಪು. ಮೂರು ವಾರಕ್ಕೊಂದು ಮಡಿಕೆ ಇಳಿಸುತ್ತಾರೆ, ಅದಕ್ಕಿಂತ ಬೇಗ ಇಲ್ಲ.

ತಂಗಿ ಎಡವಿದ್ದು ಇಲ್ಲೇ. ಹೋದ ತಿಂಗಳು ಯಾರೋ ದೊಡ್ಡವರು ತರಗತಿ ನೋಡಲು ಬಂದಿದ್ದರು. ಭುಜದ ನೋವಿಗೆ ದಿನಾ ಬರುವ ಬಸ್ ಡ್ರೈವರಣ್ಣ ಟವೆಲ್‌ಗಳ ಮೇಲೆ ಕೈಯಿಟ್ಟು ಮಲಗಿದ್ದ. ಕೈ ಇನ್ನಷ್ಟು ಕೆಳಗಿದ್ದರೆ ಚೆನ್ನಾಗಿ ಕಾಣುತ್ತದೆಂದು ಮೇಡಂ ಸದ್ದಿಲ್ಲದೆ ಎರಡು ಮಡಿಕೆ ಎಳೆದುಬಿಟ್ಟರು. ಅಕ್ಕ ಬಾಗಿಲಲ್ಲೇ ನಿಂತು ನೋಡಿದರು. ತಡೆಯಲು ಹೋಗಲಿಲ್ಲ.

“ಯಾಕೆ ಸುಳ್ಳು ಹೇಳಲಿ? ಹೊಟ್ಟೆಕಿಚ್ಚು. ಅವಳು ಎಲ್ಲರೆದುರು ಒಂದ್ಸಲ ಬೀಳಲಿ ಅನ್ನಿಸ್ತು. ಒಂದು ನಿಮಿಷ ಹಾಗೇ ನಿಂತೆ. ಆಮೇಲೆ ಅಣ್ಣನ ಬೆರಳು ನೋಡಿದೆ, ಒಂದೇ ಸಮ ಮಡಚ್ತಾ ಬಿಚ್ತಾ ಇದ್ದ. ಕ್ಲಾಸಲ್ಲಿ ಮಾತಾಡಬಾರದು ಅನ್ನೋ ನಿಯಮಕ್ಕೆ ಹಲ್ಲು ಕಚ್ಚಿಕೊಂಡು ಮಲಗಿದ್ದಾನೆ, ಪಾಪ. ಓಡಿ ಹೋಗಿ ಟವೆಲ್ ಇಟ್ಟೆ.”

ಬಂದವರು ಮೇಡಂ ಕಡೆ ತಿರುಗಿ, “ನಿಮ್ಮ ಸಹಾಯಕಿ ಚುರುಕಾಗಿದ್ದಾರೆ” ಎಂದರಂತೆ. ಸಹಾಯಕಿ! ಆ ಸಂಜೆ ಅಕ್ಕ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದರು: “ಗಾಜಿನ ಮೇಲೆ ನನ್ನ ಹೆಸರೂ ಹಾಕಿಸ್ತೀಯೇನೇ?”

“ಜಾಗ ಎಲ್ಲಿದೆ ಅಕ್ಕ?” ಎಂದಳು ತಂಗಿ.

ಆರು ಗಂಟೆಗೆ ಡ್ರೈವರಣ್ಣ ಬರುತ್ತಾನೆ. “ನನ್ನ ಭುಜ ಮತ್ತೆ ಹ್ಯಾಂಡ್ ಬ್ರೇಕ್ ಹಾಕ್ಕೊಂಡಿದೆ ಅಕ್ಕ!”

“ಎರಡು ದಿನ ಕ್ಲಾಸಿಗೆ ಚಕ್ಕರ್ ಹೊಡೆದ್ರೆ ಇನ್ನೇನಾಗುತ್ತೆ? ಮಲಗು, ಮೂರು ಮಡಿಕೆ.”

ಹೋದ ವರ್ಷ ಏಳು ಮಡಿಕೆ ಬೇಕಿದ್ದ ಆ ಕೈ ಮೂರಕ್ಕೇ ಮಲಗುತ್ತದೆ. ಅಕ್ಕ ಅವನ ಬೆರಳುಗಳನ್ನೇ ನೋಡುತ್ತಾರೆ. ಅಲುಗಾಟವಿಲ್ಲ. ಅತ್ತ ಮೇಡಂ ಮೆತ್ತನೆಯ ದನಿಯಲ್ಲಿ ಉಸಿರು ಎಣಿಸುತ್ತಿದ್ದಾರೆ.

“ಹೆಸರು ಬೇಡ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ,” ಅಕ್ಕ ಪಿಸುಗುಟ್ಟುತ್ತಾರೆ. “ಬೇಕು. ಅವಳ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಾದ್ರೂ ಸರಿ. ಜಾಗ ಇದೆ. ದಿನಾ ಒರೆಸೋಳು ನಾನಲ್ವಾ, ನನಗೆ ಗೊತ್ತಿಲ್ವಾ?”